ಮಂಜುಗಡ್ಡೆ ನಿನಗೆ ಹೇಳಿದ್ದು

ನನ್ನ ಬೆನ್ನಿಗೆ ಬಿದ್ದ ತಮ್ಮನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ವಾರದಿಂದ ದಿನವೂ ಫೋನ್ ಮಾಡುತ್ತಿದ್ದೀಯ, ಕ್ಷೇಮವಾಗಿಯೇ ಇರಬೇಕು. ನಾನು ಎತ್ತುತ್ತಿಲ್ಲ. ಎತ್ತಿದರೆ ನೀನು ಮಾತಾಡುತ್ತೀಯ, ನಾನು ಹೂಂಗುಟ್ಟುತ್ತೇನೆ. ನಮ್ಮಿಬ್ಬರ ನಡುವೆ ಇದು ಚಿಕ್ಕಂದಿನಿಂದ ಬಂದ ರೂಢಿ. ಕಾಗದವಾದರೆ ನಾನು ಮುಗಿಸುವ ತನಕ ನೀನು ಬಾಯಿ ಮುಚ್ಚಿಕೊಂಡಿರಬೇಕಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಮನೆ ಮಾರಹೊರಟಾಗ ನಾನು ವ್ಯಾಪಾರ ಕೆಡಿಸಿದೆ ಎಂಬ ಸುದ್ದಿ ನಿನಗೆ ಆಗಲೇ ಮುಟ್ಟಿದೆ. ‘ಸ್ವಂತ ಮಗಳ ಹೊಟ್ಟೆ ಮೇಲೆ ಹೊಡೆದ್ಯಲ್ಲ ಅಕ್ಕ’ ಎಂದು, ನಾನು ಕೊನೆಯ ಸಲ ಎತ್ತಿದ ದಿನ, ನೀನು ಫೋನಿನಲ್ಲಿ ಕೇಳಿದೆ. ಹೊಡೆದದ್ದು ನಿಜ. ಅವಳು ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಒಂದೇ ಮನೆ, ಒಂದೇ ಅಡುಗೆ, ಒಂದೇ ಬಚ್ಚಲು. ಆದರೆ ಊಟಕ್ಕೆ ಕರೆಯಬೇಕಾದರೆ ಗೋಡೆಗೆ ಹೇಳುತ್ತಾಳೆ, ‘ತಟ್ಟೆ ಹಾಕಿದೆ’ ಅಂತ. ನಾನು ಗೋಡೆಯ ಪರವಾಗಿ ಹೋಗಿ ಉಂಡು ಬರುತ್ತೇನೆ. ಅಳಿಯ ಒಳ್ಳೆಯವನು. ಇಡೀ ದಿನ ಬಸ್ಸು ಓಡಿಸಿ ಬಂದು ನಮ್ಮಿಬ್ಬರ ನಡುವೆ ಕೂತು, ಇಬ್ಬರಿಗೂ ಸೇರದ ಯಾವುದೋ ಮಾತಾಡಿ ಎದ್ದು ಹೋಗುತ್ತಾನೆ.

ಎಲ್ಲಿಂದ ಶುರು ಮಾಡಲಿ? ನಿನ್ನ ಸಂಸ್ಥೆಯವರು ಮಂಜುಗಡ್ಡೆ ಕೂಡಿಡುವ ತಣ್ಣನೆಯ ಕೋಣೆಯಿಂದಲೇ ಮಾಡುತ್ತೇನೆ.

ನೀವು ಬೆಟ್ಟದ ನೆತ್ತಿಯಲ್ಲಿ ಕೊರೆದು ತೆಗೆದ ಮಂಜುಗಡ್ಡೆ ಇಳಿಸಿ ತರುವ ಪೆಟ್ಟಿಗೆಗಳಿಗೆ ದಪ್ಪ ಗವಸು ಹೊಲಿದುಕೊಟ್ಟವಳು ನಾನು. ನಿನ್ನ ಸಂಸ್ಥೆಯವರು ತರಿಸಿದ ಗವಸುಗಳ ಹೊಲಿಗೆ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತಿತ್ತು, ನೀನು ಒಂದನ್ನು ಹಿಡಿದು ನನ್ನ ಅಂಗಡಿಗೆ ಬಂದೆ. ಮೂಲೆಗೆ ಎರಡು ಸುತ್ತು ಹೊಲಿಗೆ ಹಾಕಿ, ಒಳಗೆ ಇನ್ನೊಂದು ಪದರ ತುಂಬಿ ಕೊಟ್ಟೆ. ಅದಕ್ಕೆ ಪ್ರತಿಯಾಗಿ ನೀನು ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋದೆ. ನಿನ್ನ ದೊಡ್ಡ ಕೋಟು ನನಗೆ ಮೊಣಕಾಲು ದಾಟಿತ್ತು. ರೆಪ್ಪೆಯ ಕೂದಲು ಒಂದಕ್ಕೊಂದು ಅಂಟಿಕೊಂಡವು. ನೀನು ಗರಗಸದ ಮೇಜಿನ ಮೇಲೆ ಒಂದು ತುಂಡು ಮಲಗಿಸಿ, ಹಿಂದಿನಿಂದ ದೀಪ ಹಿಡಿದೆ.

ಅವತ್ತು ನೀನು ಹೇಳಿಕೊಟ್ಟ ಹಾಗೆ ನನಗೆ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಅಮ್ಮ ತೀರಿಹೋದ ವರ್ಷ ಶಾಲೆ ಬಿಟ್ಟವಳು ನಾನು. ಆಮೇಲೆ ಓದಿದ್ದೆಲ್ಲ ನೀನು ಓದಿ ಮುಗಿಸಿದ ಪುಸ್ತಕಗಳನ್ನೇ. ನೀನು ಒಂದು ತರಗತಿ ದಾಟಿದರೆ, ಮುಂದಿನ ವರ್ಷ ನಾನು ಹೊಲಿಗೆ ಯಂತ್ರದ ಪಕ್ಕದಲ್ಲಿ ಕೂತು ಅದೇ ತರಗತಿ ದಾಟುತ್ತಿದ್ದೆ. ಬೆಟ್ಟದ ನೆತ್ತಿಯಲ್ಲಿ ಬಿದ್ದ ಹಿಮ ಕರಗುವುದಿಲ್ಲ, ಮುಂದಿನ ವರ್ಷದ ಹಿಮ ಅದರ ಮೇಲೆ ಕೂರುತ್ತದೆ, ಒತ್ತಿ ಒತ್ತಿ ಗಡ್ಡೆಯಾಗುತ್ತದೆ ಎಂದೆ ನೀನು. ನಡುವೆ ಬೇಸಿಗೆಯ ಗಾಳಿ ಹೊತ್ತು ತಂದ ಧೂಳು ಒಂದು ಗೆರೆ ಎಳೆಯುತ್ತದೆ. ಗೆರೆಯಿಂದ ಗೆರೆಗೆ ಒಂದು ವರ್ಷ. ಬೆಟ್ಟಕ್ಕೆ ಹಿಮ ಸುರಿಯುವ ಮೋಡವೇ ಊರಿಗೆ ಮಳೆ ಸುರಿಯುವ ಮೋಡ. ಊರಿನಲ್ಲಿ ಮಳೆ ಅಳೆದು ಇಟ್ಟದ್ದು ನಮ್ಮ ತಾತನ ಕಾಲದಿಂದ ಈಚೆಗೆ ಮಾತ್ರ. ಆ ವರ್ಷಗಳ ಮಳೆಯನ್ನೂ ಅದೇ ವರ್ಷಗಳ ಹಿಮದ ಪದರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಜೋಡಿ ಎತ್ತಿನ ಹಾಗೆ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಅದು ಹೊಂದಿತೆಂದರೆ, ಅಳೆಯುವವರೇ ಇಲ್ಲದ ಕಾಲದ ಮಳೆಯನ್ನೂ ಗಡ್ಡೆಯಿಂದಲೇ ಓದಬಹುದು. ನಾನೂರು ವರ್ಷದ ತನಕ ಓದಬಹುದು ಎಂದೆ.

ಕೆಳಗಿನ ಗೆರೆಗಳು ಕೂದಲಿನಷ್ಟು ಹತ್ತಿರ ಇದ್ದವು. ‘ಆಗೆಲ್ಲ ಹಿಮವೇ ಬೀಳ್ತಿರಲಿಲ್ವೇನೋ’ ಎಂದು ನಾನು ಕೇಳಿದೆ. ‘ಇಲ್ಲ ಅಕ್ಕ, ಮೇಲಿನ ಭಾರಕ್ಕೆ ಒತ್ತಿಕೊಂಡಿರೋದು. ಎಷ್ಟು ಒತ್ತಿದೆ ಅಂತ ಲೆಕ್ಕ ಹಾಕಿ, ಹಿಗ್ಗಿಸಿ ನೋಡ್ಬೇಕು’ ಎಂದೆ. ‘ಹಾಗಂದ್ರೆ ಇಸ್ತ್ರಿ ಬಿದ್ದ ನೆರಿಗೆ ಅನ್ನು’ ಎಂದೆ ನಾನು. ನೀನು ನಕ್ಕ ನಗೆಗೆ ಬಾಯಿಂದ ಹೊಗೆ ಬಂತು.

ಆಮೇಲೆ ಇನ್ನೊಂದು ತುಂಡು ತೋರಿಸಿದೆ. ಅದರಲ್ಲಿ ಗೆರೆಗಳು ಗೆರೆಗಳಾಗಿ ಉಳಿದಿರಲಿಲ್ಲ, ಚಹಾ ಚೆಲ್ಲಿದ ಬಟ್ಟೆಯ ಹಾಗೆ ಉದ್ದಕ್ಕೂ ಕಂದು. ನಿನ್ನ ದನಿ ಸಣ್ಣಗಾಯಿತು. ‘ಒಬ್ಬ ಮನುಷ್ಯ ಹುಟ್ಟಿ ಮೊಮ್ಮಕ್ಕಳನ್ನ ಕಾಣೋ ಅಷ್ಟು ಕಾಲ, ಮಳೆ ಸರಿಯಾಗಿ ಬಂದೇ ಇಲ್ಲ’ ಎಂದೆ. ‘ಮತ್ತೆ ಬರುತ್ತೇನೋ ಅಂಥ ಕಾಲ?’ ಎಂದು ಕೇಳಿದವಳು ನಾನು. ನೀನು ದೀಪ ಆರಿಸಿ, ‘ಸತ್ತವರ ಬರ ಅದು, ನಿನಗ್ಯಾಕೆ? ನಡಿ, ಮೂಗು ಉದುರಿ ಬಿದ್ದೀತು’ ಎಂದೆ. ನಾನು ನಂಬಿದೆ. ನೀನು ಹೇಳಿದ್ದನ್ನು ನಂಬುವುದು ನನ್ನ ಕಸುಬಿನ ಒಂದು ಭಾಗವೇ ಆಗಿತ್ತು.

ಈಗ ಆ ತಲೆಕೆಳಗಾದ ತುಂಡಿನ ಮಾತಿಗೆ ಬರುತ್ತೇನೆ, ಏಕೆಂದರೆ ಅವತ್ತು ಫೋನಿನಲ್ಲಿ ನೀನು ಅದರ ಹಿಂದೆ ಅಡಗಿಕೊಂಡೆ.

‘ನಿನ್ನ ಮಗಳಿಗೆ ಮನೆ ಮಾರೋವಾಗ ನಮಗೇ ಖಚಿತ ಇರಲಿಲ್ಲ ಅಕ್ಕ. ಒಂದು ತುಂಡು ತಲೆಕೆಳಗಾಗಿತ್ತು, ಲೆಕ್ಕವೆಲ್ಲ ಗೊಂದಲದಲ್ಲಿತ್ತು’ ಎಂದೆ. ತುಂಡು ತಲೆಕೆಳಗಾಗಿದ್ದು ನಿಜ. ನನಗೆ ಆ ಕಥೆ ಗೊತ್ತು, ನೀನೇ ಹೇಳಿದ್ದು. ಪ್ರತಿ ತುಂಡಿನ ಚೀಲದ ಮೇಲೂ ಮೇಲ್ತುದಿ ಯಾವುದೆಂದು ಬಾಣದ ಗುರುತು ಹಾಕುತ್ತೀರಿ. ಒಂದು ಚೀಲದ ಗುರುತು ಚಳಿಗೆ ಅಂಟು ಬಿಟ್ಟು ಉದುರಿತ್ತು, ಯಾರೋ ಆ ತುಂಡನ್ನು ಕತ್ತರಿಸಿ ತಟ್ಟೆಯಲ್ಲಿ ತಿರುಗಿಸಿ ಇಟ್ಟರು. ಹಳೆಯ ವರ್ಷ ಮೇಲೆ ಬಂತು, ಹೊಸ ವರ್ಷ ಕೆಳಗೆ ಹೋಯಿತು. ಬರ ಬರಬಾರದ ಕಡೆ ಕಾಣಿಸಿಕೊಂಡಿತು. ಇಡೀ ಚಳಿಗಾಲ ನೀವೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ಜಗಳವಾಡಿದಿರಿ. ಕೊನೆಗೆ, ಯಾರೂ ಮುಟ್ಟಬಾರದೆಂದು ಉದ್ದಕ್ಕೆ ಸೀಳಿ ತೆಗೆದಿಟ್ಟಿದ್ದ ಇನ್ನರ್ಧವನ್ನು ಹೊರಗೆ ತೆಗೆದಿರಿ. ಅದರ ಬಾಣ ಸರಿಯಾಗಿತ್ತು. ಎರಡನ್ನೂ ಎದುರುಬದುರು ಇಟ್ಟು ನೋಡಿದಿರಿ, ತಪ್ಪು ಸಿಕ್ಕಿತು, ಲೆಕ್ಕ ಕೂಡಿತು.

ಆ ಸಂಜೆ ನೀನು ಚಪ್ಪಲಿ ಬಿಡುವ ಮೊದಲೇ ‘ಅಕ್ಕ, ಸಿಕ್ತು’ ಎಂದೆ. ಏನು ಸಿಕ್ಕಿತೆಂದು ನಾನು ಕೇಳಲಿಲ್ಲ, ಬಡಿಸಿದೆ. ನೀನು ಎರಡು ಸಲ ಹಾಕಿಸಿಕೊಂಡು ಉಂಡೆ. ನನ್ನ ಮಗಳು ಅಲ್ಲೇ ಗೋಡೆಗೆ ಒರಗಿ ಕೂತಿದ್ದಳು, ತುಂಬು ಬಸುರಿ, ಕಾಲು ಊದಿಕೊಂಡಿತ್ತು. ‘ನಿನ್ನ ಮಗು ಕೈಗೆ ಬರೋದರೊಳಗೆ ನನ್ನ ವರದಿ ಕೈಗೆ ಬರುತ್ತೆ ನೋಡು’ ಎಂದು ಅವಳನ್ನು ರೇಗಿಸಿದೆ. ಮನೆ ಅವಳ ಹೆಸರಿಗೆ ಆದ ದಿನ ಆ ಮಗು ನೋಂದಣಿ ಕಚೇರಿಯ ಬೆಂಚಿನ ಕೆಳಗೆ ಅಂಬೆಗಾಲಿಡುತ್ತಿತ್ತು. ಗುಮಾಸ್ತರ ಚೀಲ ಎಳೆದು ಬೀಳಿಸಿದ್ದು ಮರೆತೆಯಾ? ನೀನೇ ಎತ್ತಿಕೊಂಡು ಹೊರಗೆ ಹೋದೆ. ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ? ಕಾಲವನ್ನು ಓದುವ ವಿದ್ಯೆ ನಿನ್ನದು, ನೀನೇ ಹೇಳು. ತಲೆಕೆಳಗಾದ ತುಂಡನ್ನು ನೀನು ಆಗಲೇ ನೆಟ್ಟಗೆ ಇಟ್ಟಿದ್ದೆ.

‘ಮೊಣಕಾಲು ನೋವು ಅಕ್ಕ, ಆ ಏರು ಹತ್ತೋಕಾಗಲ್ಲ’ ಎಂದು ಮೇಲಿನ ಬಡಾವಣೆಯ ಮನೆ ಬಿಟ್ಟು ನದಿಯ ಪಕ್ಕದ ಬೀದಿಗೆ ಇಳಿದೆ. ಹೊರಗಿನವರಿಗೆ ಕೊಡುವುದಕ್ಕಿಂತ ಕಡಿಮೆಗೇ ಸೋದರಸೊಸೆಗೆ ಕೊಟ್ಟೆ. ಸೋದರಮಾವ ಅಂದರೆ ಹೀಗಿರಬೇಕು ಎಂದು ನೆಂಟರೆಲ್ಲ ಹೊಗಳಿದರು. ಎಲ್ಲರಿಗಿಂತ ಹೆಚ್ಚು ಹೊಗಳಿದವಳು ನಾನು. ಮರು ವರ್ಷ ನೀನು ಅದೇ ಮೊಣಕಾಲಿನಲ್ಲಿ ಮತ್ತೆ ಬೆಟ್ಟ ಹತ್ತಿದಾಗ ನನಗೆ ಏನೂ ಹೊಳೆಯಲಿಲ್ಲ. ಕೆಲಸದ ಹುಚ್ಚು ಎಂದುಕೊಂಡೆ.

ಇನ್ನು ನೀನು ಪುರಸಭೆಗೆ ಬರೆದುಕೊಟ್ಟ ಆ ವರದಿ. ಅದನ್ನು ಮೊನ್ನೆ ನಿಧಾನವಾಗಿ ಓದಿದೆ, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು. ‘ದೀರ್ಘಾವಧಿಯ ಸರಾಸರಿಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರುವುದಿಲ್ಲ’ ಎಂದು ಬರೆದಿದ್ದೀಯ. ಒಂದಕ್ಷರ ಸುಳ್ಳಿಲ್ಲ. ಉಕ್ಕಿದ ವರ್ಷ, ಒಣಗಿದ ವರ್ಷ ಎಲ್ಲ ಸೇರಿಸಿ ಭಾಗಿಸಿದರೆ ನಡುವೆ ಒಂದು ಸಾಧು ಸಂಖ್ಯೆ ಬರುತ್ತದೆ. ನಾನು ದರ್ಜಿ. ಗಂಡನದು ಆರಡಿ, ಹೆಂಡತಿಯದು ನಾಲ್ಕೂವರೆ, ಇಬ್ಬರ ಸರಾಸರಿಗೆ ಅಂಗಿ ಹೊಲಿದುಕೊಟ್ಟರೆ ಅಳತೆ ಸರಿಯಾಗಿದೆ ಎಂದು ನಾನೂ ವಾದಿಸಬಹುದು. ಅಡ್ಡಗೋಡೆಯ ಮೇಲೆ ದೀಪ ಇಟ್ಟೆ ನೀನು. ಬಡಾವಣೆ ಬೆಳೆಸಬೇಕೆಂದಿದ್ದ ಪುರಸಭೆಯವರಿಗೆ ಖುಷಿ, ಪುರಸಭೆ ಖುಷಿಯಾದ್ದರಿಂದ ನಿನ್ನ ಸಂಸ್ಥೆಗೆ ಖುಷಿ, ನಿನಗೆ ಮೇಲಿನ ಕುರ್ಚಿ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬಾವಿ ಒಣಗಿತು, ಅಷ್ಟೇ.

ಆ ಮನೆಯ ಕೆಳಗಿನ ಕೋಣೆಗಳಲ್ಲಿ ನನ್ನ ಮಗಳು ಶಿಶುವಿಹಾರ ನಡೆಸಿದ್ದು ನೀನು ನೋಡಿದ್ದೀಯ. ಉದ್ಘಾಟನೆಗೆ ಬಂದು ಬಲೂನು ಊದಿದವನು. ಗೋಡೆಯುದ್ದಕ್ಕೂ ಮಕ್ಕಳ ಸೊಂಟದ ಎತ್ತರಕ್ಕೆ ಪುಟ್ಟ ಪುಟ್ಟ ಕೈತೊಳೆಯುವ ತೊಟ್ಟಿಗಳು, ಒಂದೊಂದಕ್ಕೂ ಒಂದೊಂದು ಬಣ್ಣದ ನಲ್ಲಿ. ನೀನು ಬರದೇ ಇದ್ದ ವರ್ಷಗಳಲ್ಲಿ ಏನಾಯಿತು ಕೇಳು. ಮೊದಲ ಬೇಸಿಗೆ ಬಾವಿ ಅರ್ಧಕ್ಕೆ ಇಳಿಯಿತು, ಒಂದು ವರ್ಷ ಹೀಗಾಗುತ್ತದೆ ಎಂದುಕೊಂಡರು. ಮರು ಬೇಸಿಗೆ ತಳ ಕಂಡಿತು. ಟ್ಯಾಂಕರ್ ಬಂತು. ಟ್ಯಾಂಕರಿನ ಪೈಪಿಗಾಗಿ ಎದುರುಮನೆಯ ನಿವೃತ್ತ ಮೇಷ್ಟರು, ಅಷ್ಟು ಸಭ್ಯ ಮನುಷ್ಯ, ನನ್ನ ಮಗಳ ಕೊಡವನ್ನು ಕಾಲಿನಿಂದ ಒದ್ದರು. ಮಾರನೆಯ ದಿನ ಬಂದು ಕ್ಷಮೆ ಕೇಳಿ, ಅದರ ಮಾರನೆಯ ದಿನ ಮತ್ತೆ ಒದ್ದರು. ಮಕ್ಕಳ ಕೈ ತೊಳೆಸಲು ನೀರಿಲ್ಲದ ಮೇಲೆ ಹೆತ್ತವರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿದರು. ಯಾರೂ ಜಗಳ ಆಡಲಿಲ್ಲ. ‘ಬೇಜಾರು ಮಾಡ್ಕೋಬೇಡಿ ಟೀಚರ್, ಸ್ವಲ್ಪ ದಿನ’ ಎಂದರು. ಶಿಶುವಿಹಾರ ಮುಚ್ಚಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಪ್ಪು ತಿಂದವನು ಒಬ್ಬ, ನೀರಿಗೆ ಕೊಡ ಹಿಡಿದು ನಿಂತವಳು ಇನ್ನೊಬ್ಬಳು.

ಇಷ್ಟಾದ ಮೇಲೆ ನಿನ್ನ ಸನ್ಮಾನ ಬಂತು. ನಾವೆಲ್ಲ ಮೂರನೆಯ ಸಾಲಿನಲ್ಲಿ ಕೂತಿದ್ದೆವು. ನೀನು ಪರದೆಯ ಮೇಲೆ ಮಂಜುಗಡ್ಡೆಯ ಚಿತ್ರ ತೋರಿಸಿ, ‘ಕೆಳಗಿನ ವರ್ಷಗಳು ಇಸ್ತ್ರಿ ಬಿದ್ದ ನೆರಿಗೆಯ ಹಾಗೆ’ ಎಂದೆ. ನನ್ನ ಮಾತು, ಅಷ್ಟು ದೊಡ್ಡ ಸಭೆಯಲ್ಲಿ. ನಾನು ಹಿಗ್ಗಿ ಚಪ್ಪಾಳೆ ತಟ್ಟಿದೆ, ಪಕ್ಕದವರೂ ತಟ್ಟಿದರು. ಆ ಚಪ್ಪಾಳೆಯಲ್ಲಿ ನಿನ್ನ ಮುಂದಿನ ಮಾತು ನನ್ನ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ‘ಈ ಊರು ಯಾವುದನ್ನ ಮಾಮೂಲಿ ಮಳೆ ಅಂತ ನಂಬಿಕೊಂಡಿದೆಯೋ ಅದು ನಾನೂರು ವರ್ಷದಲ್ಲೇ ಅತಿ ಹೆಚ್ಚು ಮಳೆ ಬಿದ್ದ ಕಾಲ. ಅದು ಮುಗಿಯುತ್ತೆ, ಮೊದಲು ಒಣಗೋದು ಮೇಲಿನ ಬಡಾವಣೆ ಬಾವಿಗಳು ಅಂತ ಹನ್ನೆರಡು ವರ್ಷದ ಹಿಂದೇನೇ ನಮ್ಮ ಸಂಸ್ಥೆಯ ಒಳಗಿನ ಸಭೆಯಲ್ಲಿ ಹೇಳಿದವನು ನಾನು’ ಎಂದೆ. ದೂರದೃಷ್ಟಿ ಎಂದು ಫಲಕದಲ್ಲಿ ಕೆತ್ತಿಸಿ ಕೊಟ್ಟರು. ದೂರದೃಷ್ಟಿಯವರಿಗೆ ಹತ್ತಿರದ್ದು ಕಾಣುವುದಿಲ್ಲ, ಅದಕ್ಕೆ ಬೇರೆ ಕನ್ನಡಕ ಬೇಕು. ಮನೆಗೆ ಬಂದು ಚಪ್ಪಲಿ ಕಳಚುವಾಗ ಹನ್ನೆರಡು ಎಂಬ ಅಂಕೆ ನನ್ನ ಕಾಲಿಗೆ ಮುಳ್ಳಿನಂತೆ ಚುಚ್ಚಿತು. ಬೆಂಚಿನ ಕೆಳಗೆ ಅಂಬೆಗಾಲಿಟ್ಟ ಮೊಮ್ಮಗಳಿಗೆ ಈಗ ಎಷ್ಟು ವಯಸ್ಸು? ನಾನು ಅಲ್ಲಿಗೆ ಯೋಚನೆ ನಿಲ್ಲಿಸಿ ಹಾಸಿಗೆ ಹಾಸಿದೆ. ಮಗಳ ಹತ್ತಿರ ಹೇಳಲಿಲ್ಲ. ನಿನ್ನನ್ನು ಕೇಳಲಿಲ್ಲ. ಕೇಳಿದರೆ ನೀನು ಹೌದು ಎಂದುಬಿಟ್ಟೀಯೆಂಬ ಭಯ.

ಹೋದ ತಿಂಗಳು ಮಳೆ ಸ್ವಲ್ಪ ಚೆನ್ನಾಗಿ ಬಂತು. ಬಾವಿಯಲ್ಲಿ ಒಂದಿಷ್ಟು ನೀರು ನಿಂತಿತು, ನಲ್ಲಿಗಳು ಕೆಮ್ಮಿ ಕೆಮ್ಮಿ ಹರಿಯತೊಡಗಿದವು. ಮನೆ ಮಾರುವುದಿದ್ದರೆ ಈಗಲೇ ಎಂದಳು ಮಗಳು. ನೋಡಲು ಒಂದು ಜೋಡಿ ಬಂತು. ಹುಡುಗ ಎಲ್ಲೋ ಔಷಧಿ ಅಂಗಡಿ ಇಟ್ಟವನು, ಹುಡುಗಿಯ ತೋಳಿನಲ್ಲಿ ಕೂಸು. ಹೊಸಬರು, ಈ ಊರಿನ ಬೇಸಿಗೆ ಕಂಡಿಲ್ಲ. ಹುಡುಗಿ ಕೆಳಗಿನ ಕೋಣೆಗೆ ಹೋಗಿ ಬಣ್ಣದ ನಲ್ಲಿಗಳನ್ನು ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತಳು. ಒಂದನ್ನು ತಿರುಗಿಸಿದಳು, ನೀರು ಬಂತು. ಕೂಸಿನ ಕೈ ಹಿಡಿದು ಅದರ ಕೆಳಗೆ ಒಡ್ಡಿದಳು. ‘ಇದಕ್ಕೋಸ್ಕರಾನೇ ಈ ಮನೆ ತಗೋಬೇಕು ಕಣ್ರೀ’ ಎಂದಳು ಗಂಡನಿಗೆ. ಮಗಳು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದಳು. ಬಾಯಿ ಬಿಡಬೇಡ ಎಂಬ ನೋಟ.

ನಾನು ಬಿಟ್ಟೆ. ‘ಬೇಸಿಗೇಲಿ ಇವು ಹರಿಯಲ್ಲಮ್ಮ. ಹರಿಯದೆ ಮೂರು ಬೇಸಿಗೆ ಆಯ್ತು’ ಎಂದೆ.

ಹುಡುಗ ನಕ್ಕ. ‘ಮಾರೋರೇ ಮಾಲು ಹಳಿಯೋದನ್ನ ಇವತ್ತೇ ನೋಡಿದ್ದು. ಅಜ್ಜಿ ತಮಾಷೆ ಮಾಡ್ತಿದ್ದಾರೆ’ ಎಂದ. ‘ತಮಾಷೆ ಅಲ್ಲಪ್ಪ’ ಎಂದು ಅವನಿಗೂ ಹೇಳಿದೆ. ಇದು ಒಂದೆರಡು ವರ್ಷದ ಮಾತಲ್ಲ, ಬೆಟ್ಟದ ಮಂಜುಗಡ್ಡೆಯಲ್ಲಿ ಇಂಥ ಕಾಲ ಒಂದು ಜೀವಮಾನದಷ್ಟು ಉದ್ದ ಇದೆ, ನಾನೇ ಕಣ್ಣಾರೆ ಕಂಡಿದ್ದೇನೆ ಎಂದೆ. ಹುಡುಗಿ ನಲ್ಲಿ ನಿಲ್ಲಿಸಿದಳು. ಕೂಸಿನ ಕೈಯನ್ನು ಸೆರಗಿನಲ್ಲಿ ಒರೆಸಿದಳು. ಯೋಚಿಸಿ ಹೇಳುತ್ತೇವೆ ಎಂದು ಹೋದವರು ಮತ್ತೆ ಬರಲಿಲ್ಲ.

ಅವರು ಗೇಟು ದಾಟುವ ತನಕ ಮಗಳು ಕಾದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬೈಯಲಿಲ್ಲ. ‘ಮಾವ ನಮಗೆ ಹೇಳಿದ್ರಾ?’ ಎಂದು ಕೇಳಿದಳು.

‘ಅವನಿಗೆ ಮೊದಲೇ ಗೊತ್ತಿತ್ತು ಅಂತ ನಿನಗೆ ಹೇಗೆ ಗೊತ್ತು?’ ಎಂದೆ. ‘ಸನ್ಮಾನದ ದಿನಾನೇ ಗೊತ್ತಾಯ್ತು. ಅವರು ಹನ್ನೆರಡು ವರ್ಷ ಅಂದಾಗ ನಾನು ಮಗಳ ವಯಸ್ಸು ಲೆಕ್ಕ ಹಾಕ್ತಿದ್ದೆ. ನೀನು ಚಪ್ಪಾಳೆ ತಟ್ತಿದ್ದೆ’ ಎಂದಳು. ಆಮೇಲೆ ಅವಳು ಅಂದ ಮಾತು ಇದು, ನಿನಗೆ ತಲುಪಲಿ ಎಂದೇ ಬರೆಯುತ್ತಿದ್ದೇನೆ. ‘ತಮ್ಮನ್ನ ಒಂದು ಮಾತು ಕೇಳೋಕೆ ನಿನಗೆ ಬಾಯಿ ಬರಲಿಲ್ಲ. ಯಾರೋ ದಾರೀಲಿ ಹೋಗೋರಿಗೆ ನಿಜ ಹೇಳೋಕೆ ಬಾಯಿ ಬಂತು. ನಿನ್ನ ನಿಜಕ್ಕೆಲ್ಲ ಬೆಲೆ ತೆರಬೇಕಾದೋಳು ನಾನೊಬ್ಬಳೇನಾ ಅಮ್ಮ?’ ಅಷ್ಟು ಹೇಳಿ ಒಳಗೆ ಹೋದಳು. ಅಲ್ಲಿಂದ ಈಚೆಗೆ ಗೋಡೆಯ ಸಂಸಾರ.

ಅವಳ ಮೇಲೆ ನನಗೆ ಕೋಪವಿಲ್ಲ. ಬಾಯಿ ಮುಚ್ಚಿಕೊಂಡು ಮನೆ ಮಾರುವುದನ್ನು ಅವಳಿಗೆ ಕಲಿಸಿದವನು ನೀನು. ನಿನ್ನನ್ನು ಬೆಳೆಸಿದವಳು ನಾನು. ಆ ಹುಡುಗಿಗೆ ಮಾರಿದ್ದರೆ ಅವಳೂ ಮೂರು ಬೇಸಿಗೆ ಕಳೆದು ಇನ್ನೊಬ್ಬ ಹೊಸಬಳನ್ನು ಹುಡುಕುತ್ತಿದ್ದಳು, ಮಳೆ ಬಂದ ತಿಂಗಳು ನೋಡಿ. ಬರ ಹೀಗೂ ಕೈ ಬದಲಾಯಿಸುತ್ತದೆ. ನಿನ್ನ ಗಡ್ಡೆಯಲ್ಲಿ ಇದಕ್ಕೆ ಗೆರೆ ಇಲ್ಲ.

ಅವತ್ತು ಫೋನಿನಲ್ಲಿ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ನಾನು ಮೊದಲ ಸಲ ಕೇಳಿದೆ. ನಿನ್ನಿಂದ ‘ಖಚಿತ ಇರಲಿಲ್ಲ’ ಬಂತು, ಅದರ ಬೆನ್ನಿಗೇ ‘ವ್ಯಾಪಾರ ಕೆಡಿಸಿದೆ’ ಬಂತು. ‘ತಪ್ಪಾಯ್ತು ಅಕ್ಕ’ ಬರಲಿಲ್ಲ. ಬರುತ್ತದೇನೋ ಎಂದು ರಿಸೀವರನ್ನು ಕಿವಿಗೆ ಒತ್ತಿಕೊಂಡೆ. ನಿನ್ನ ಮನೆಯಲ್ಲಿ ಯಾರೋ ಪಾತ್ರೆ ತೊಳೆಯುತ್ತಿದ್ದರು, ನಲ್ಲಿ ಧೋ ಎಂದು ಸುರಿಯುತ್ತಿತ್ತು. ಇಟ್ಟುಬಿಟ್ಟೆ.

ಈಗ ನಾನು ಹೇಳಬೇಕೆಂದಿರುವುದು ಒಂದೇ. ಈ ಮನೆಯನ್ನು ಮಗಳು ಯಾರಿಗೆ ಮಾರಿದರೂ ಅವಳು ಬಾಯಿ ಮುಚ್ಚಿಕೊಳ್ಳಬೇಕು, ಇಲ್ಲ ನಾನು ಬಾಯಿ ಬಿಡಬೇಕು. ಎರಡರಲ್ಲಿ ಯಾವುದಾದರೂ ನಮ್ಮ ಸಂಬಂಧಕ್ಕೆ ಮಣ್ಣು ಬೀಳುತ್ತದೆ. ಯಾರಿಗೂ ಮೋಸವಾಗದ ಹಾಗೆ ಇದನ್ನು ಕೊಳ್ಳಬಲ್ಲವನು ಊರಿನಲ್ಲಿ ಒಬ್ಬನೇ ಇದ್ದಾನೆ, ಬಾವಿಯ ಹಣೆಬರಹ ಪೂರ್ತಿ ಓದಿಕೊಂಡವನು. ನೀನು ವಾಪಸ್ ತಗೋ. ನೀನು ಕೊಟ್ಟ ಬೆಲೆಗೇ ತಗೋ, ಹೆಚ್ಚು ಬೇಡ. ಆ ನದಿ ಪಕ್ಕದ ಬೀದಿಯಲ್ಲಿ ಅವಳು ಎರಡು ಕೋಣೆ ಬಾಡಿಗೆಗೆ ಹಿಡಿದು ಮತ್ತೆ ನಾಲ್ಕು ಮಕ್ಕಳನ್ನು ಕೂಡಿಸಿಕೊಳ್ಳಲಿ. ನೀನು ಇಲ್ಲಿ ಬಂದು ವಾಸ ಮಾಡಬೇಕೆಂದು ಹೇಳುತ್ತಿಲ್ಲ, ನಿನ್ನ ಮೊಣಕಾಲು ಪಾಪ ಈ ಏರು ಹತ್ತಲಾರದು. ಬೀಗ ಹಾಕಿ ಇಟ್ಟುಕೋ. ನಿನ್ನ ಸರಾಸರಿಗೆ ಸ್ವಂತ ಸೂರು ಅಂತ ಒಂದಿರಲಿ.

ನೀನು ಕೊಳ್ಳುವುದಿಲ್ಲ ಎಂದು ನನಗೆ ಗೊತ್ತು. ಆದರೂ ನಿನ್ನನ್ನು ಬಾಯಿಬಿಟ್ಟು ಕೇಳುವ ಕೆಲಸ ಇಷ್ಟು ವರ್ಷ ಬಾಕಿ ಇತ್ತು. ಕಾಗದ ಮುಗಿಸಿ ಮಗಳಿಗೆ ಓದಿ ಹೇಳುತ್ತೇನೆ, ಗೋಡೆಯ ಕಡೆ ತಿರುಗಿಯಾದರೂ. ಅಂಚೆಗೆ ಹಾಕುವವಳೂ ಅವಳೇ. ಹಾಕಿದಳೆಂದರೆ ನಿನಗೆ ಸಿಗುತ್ತದೆ. ನೀನು ಇದನ್ನು ಓದುತ್ತಿದ್ದೀಯೆಂದರೆ ನಾವಿಬ್ಬರೂ ಸೇರಿಯೇ ಕಳಿಸಿದ್ದೇವೆಂದು ತಿಳಿ. ಆ ಮಟ್ಟಿಗೆ ನನಗೆ ನನ್ನ ಮಗಳು ವಾಪಸ್ ಬಂದಿರುತ್ತಾಳೆ. ಫೋನ್ ಮಾಡಬೇಡ. ಬರುವುದಿದ್ದರೆ ಬೇಸಿಗೆಯಲ್ಲಿ ಬಾ, ಬರುವಾಗ ಕುಡಿಯುವ ನೀರು ತಂದುಕೋ.

ಶಾಪ ಹಾಕಲು ಕೂತವಳ ಬಾಯಿಗೂ ಹಳೆಯ ಅಭ್ಯಾಸದಂತೆ ಹರಕೆಯೇ ಬರುತ್ತದೆ, ಏನು ಮಾಡಲಿ. ನೂರು ವರ್ಷ ಬಾಳು. ನಿನ್ನ ಬೀದಿಯ ನೀರು ನಿನಗಿಂತ ಮೊದಲು ಬತ್ತದಿರಲಿ.

ಕೈಯಾರೆ ಉಣಿಸಿ ಬೆಳೆಸಿದ ತಪ್ಪಿಗೆ ಇನ್ನೂ ನಿನ್ನವಳೇ ಆದ,
ಅಕ್ಕ